ವಸಡಿನಲ್ಲಿ ರಕ್ತ: ಮಾತ್ರೆ ಸಾಕಾ, ಕ್ಲೀನಿಂಗ್ ಮಾಡಿಸಲೇಬೇಕಾ?

ಕೇಳಿದವರು: ಕೆಲವು ತಿಂಗಳಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿದೆ. ನೋವಿಲ್ಲ. ಬಾಯಿ ವಾಸನೆ ಅಂತ ಮನೆಯವರು ಹೇಳುತ್ತಾರೆ. ವಯಸ್ಸು 44, ಶುಗರ್ ಇದೆ, ಬಿಪಿಗೂ ಮಾತ್ರೆ ತಗೊಳ್ಳುತ್ತೇನೆ. ಡಾಕ್ಟರು ನೋಡಿ, ವಸಡಿನ ಒಳಗೆ ಬ್ಯಾಕ್ಟೀರಿಯಾ ಸೇರಿದೆ, ಕ್ಲೀನಿಂಗ್ ಮಾಡಿಸಿ ಅಂದರು. ಅಮ್ಮ ಬೇಡವೇ ಬೇಡ, ಹಲ್ಲು ಸಡಿಲ ಆಗುತ್ತೆ ಅಂತಾರೆ. ಬ್ಯಾಕ್ಟೀರಿಯಾನೇ ಕಾರಣ ಅಂದ್ಮೇಲೆ ಆಂಟಿಬಯಾಟಿಕ್ ನುಂಗಿದರೆ ಸಾಕಲ್ವಾ? ಅನುಭವ ಇದ್ದವರು ತಿಳಿಸಿ.

ದಾವಣಗೆರೆಯಿಂದ: ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆಯಿಂದ ನನಗೆ ಸ್ವಲ್ಪ ದಿನ ರಕ್ತ ನಿಂತಿತ್ತು. ಆಮೇಲೆ ಮತ್ತೆ ಶುರು. ಕ್ಲೀನಿಂಗ್ ಆದಮೇಲೇ ಸರಿಹೋಗಿದ್ದು. ಕೆಲವು ದಿನ ತಣ್ಣೀರು ಕುಡಿದರೆ ಜುಂ ಅಂತಿತ್ತು, ಅಷ್ಟೇ.

ಮೈಸೂರಿನಿಂದ, ದಂತವೈದ್ಯೆ: ಮಾತ್ರೆಯ ಪ್ರಶ್ನೆ ನಮ್ಮ ಕ್ಲಿನಿಕ್ಕಿನಲ್ಲಿ ದಿನಾ ಬರುತ್ತೆ. ಬಾಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಬಹುಪಾಲು ಅವುಗಳ ಪಾಡಿಗೆ ಅವು ಇರುತ್ತವೆ. ಹಲ್ಲಿನ ಬುಡವನ್ನು ಉಗುರಿನಿಂದ ಕೆರೆದರೆ ಬೆಳ್ಳಗೆ ಲೋಳೆಯಂಥದ್ದು ಬರುತ್ತಲ್ಲ, ಅದು ಪಾಚಿ. ಬ್ಯಾಕ್ಟೀರಿಯಾಗಳು ತಾವೇ ಮಾಡಿಕೊಂಡ ಅಂಟಿನೊಳಗೆ ಹುದುಗಿ ಕೂತಿರುತ್ತವೆ. ಔಷಧಿ ಅಲ್ಲಿಗೆ ಸುಲಭವಾಗಿ ಇಳಿಯಲ್ಲ. ನೀರಿನ ತೊಟ್ಟಿ ಕಟ್ಟಿದ ಲೋಳೆ ಸುಮ್ನೆ ನೀರು ಎರಚಿದರೆ ಹೋಗುತ್ತಾ? ಉಜ್ಜಿಯೇ ತೆಗೆಯಬೇಕು.

ಉಜ್ಜದೆ ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಪಾಚಿ ಗಟ್ಟಿಯಾಗುತ್ತೆ. ಆಮೇಲೆ ಅದು ಬ್ರಷ್ಷಿಗೆ ಬಗ್ಗಲ್ಲ. ಹಲ್ಲಿಗೂ ವಸಡಿಗೂ ನಡುವೆ ಒಂದು ಸಂದು ಇರುತ್ತೆ, ಚೆನ್ನಾಗಿರುವ ವಸಡಿನಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಗೆರೆ ಹಾಕಿದ ತೆಳು ಕಡ್ಡಿ ಇಳಿಸಿ ಅಳೆಯುತ್ತೇವೆ. 5, 6 ಅಂತ ಬಂದರೆ ಒಳಗೆ ಜಾಗ ಆಗಿದೆ ಅಂತ ಅರ್ಥ. ಗಾಳಿಯಾಡದ ಆ ಜಾಗದಲ್ಲಿ ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾದಂಥ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಮೊದಲನೆಯದಕ್ಕೆ ರಕ್ತದಲ್ಲಿರುವ ಕಬ್ಬಿಣ ಬೇಕು. ವಸಡು ಊದಿ ರಕ್ತ ಒಸರಿದಷ್ಟೂ ಅದಕ್ಕೆ ಊಟ. ವಾಸನೆಗೂ ಹೆಚ್ಚಾಗಿ ಇಂಥವೇ ಬಿಡುವ ಗಂಧಕದ ಅನಿಲ ಕಾರಣ. ಇವುಗಳ ಮೇಲೆ ನಮ್ಮ ದೇಹ ಮಾಡುವ ಹೋರಾಟದಲ್ಲಿ ಹಲ್ಲು ಹಿಡಿದ ಮೂಳೆಯೂ ಕರಗುತ್ತೆ. ಆ ಹೋರಾಟ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದಕ್ಕೇ ಅಷ್ಟೇ ಪಾಚಿ ಇದ್ದರೂ ಒಬ್ಬರ ಹಲ್ಲು ಅಲುಗಾಡುತ್ತೆ, ಇನ್ನೊಬ್ಬರ ವಸಡು ಕೆಂಪಾಗಿ ಅಲ್ಲಿಗೇ ನಿಲ್ಲುತ್ತೆ.

ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಮಾಡಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜಬೇಡಿ ಅಂದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಇಳಿಯಿತು. ಆದರೆ ಅದು ಬರೀ ಊತದ ಹಂತ. ಮೂಳೆ ಕರಗಿದ್ದರೆ ಅದು ಉಜ್ಜಿದ್ದಕ್ಕೆ ವಾಪಸ್ ಬರಲ್ಲ. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜಬೇಡಿ. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಅಲ್ಲೇ ಉಜ್ಜಿ.

ತುಮಕೂರಿನಿಂದ: ಅಮ್ಮನ ಭಯದ ಬಗ್ಗೆ. ನಮ್ಮಪ್ಪನಿಗೆ ಕ್ಲೀನಿಂಗ್ ಆದ ದಿನ ಡಾಕ್ಟರು ಟ್ರೇನಲ್ಲಿ ಬಿದ್ದಿದ್ದ ಗಟ್ಟಿ ಪಾಚಿಯ ಚೂರುಗಳನ್ನು ತೋರಿಸಿದರು. ಹಳದಿ ಬಣ್ಣ, ವಸಡಿನ ಒಳಗಿದ್ದ ಭಾಗ ಕಪ್ಪು. ಒಂದು ಚೂರು ಹಲ್ಲಿನ ಹಿಂಬದಿಯ ಆಕಾರಕ್ಕೇ ಬಾಗಿತ್ತು. ಕೆಳಗಿನ ಮುಂದಿನ ಹಲ್ಲುಗಳನ್ನು ಇಷ್ಟು ದಿನ ಒಂದಕ್ಕೊಂದು ಕಟ್ಟಿ ನಿಲ್ಲಿಸಿದ್ದು ಅದೇ! ಮೂಳೆ ಮೊದಲೇ ಹೋಗಿತ್ತು, ಹಲ್ಲು ಸಡಿಲ ಆಗಿದ್ದು ಕ್ಲೀನಿಂಗ್‌ನಿಂದ ಅಲ್ಲ. ಅಪ್ಪ ಮಾತ್ರ ನಾಲಿಗೆಗೆ ಸಂದು ಸಿಗುತ್ತೆ ಅಂತ ಸುಮಾರು ದಿನ ಗೊಣಗಿದರು.

ಶಿರಸಿಯಿಂದ: ಉಪ್ಪುನೀರು, ಎಳ್ಳೆಣ್ಣೆ ಮುಕ್ಕಳಿಸಿ ನೋಡಿ. ನನಗಂತೂ ಹಿತ ಅನಿಸಿದೆ. ಎಲ್ಲಕ್ಕೂ ಡಾಕ್ಟರು ಯಾಕೆ?

ದಂತವೈದ್ಯೆ: ಉಪ್ಪುನೀರು ಮಾಡಿ, ಊತಕ್ಕೆ ಆರಾಮ. ಆದರೆ ಮುಕ್ಕಳಿಸಿದ್ದು 5 ಮಿಲಿಮೀಟರ್ ಆಳಕ್ಕೆ ಇಳಿಯಲ್ಲ, ಗಟ್ಟಿಯಾದ ಪಾಚಿ ಕರಗಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ ಅಷ್ಟೇ. ಅದನ್ನು ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆ ರುಚಿಯೂ ಕೆಡುತ್ತೆ.

ಕಲಬುರಗಿಯಿಂದ: ಶುಗರ್ ಇದೆ ಅಂದ್ರಲ್ಲ, ತಡ ಮಾಡಬೇಡಿ ಸರ್. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಹಾಳಾಗುತ್ತೆ, ವಸಡು ಹಾಳಾದರೆ ಶುಗರ್ ಹತೋಟಿಗೆ ಬರಲ್ಲ. ವಸಡಿನ ಚಿಕಿತ್ಸೆ ಆದಮೇಲೆ ನನ್ನ ಮೂರು ತಿಂಗಳ ಸರಾಸರಿ ಸ್ವಲ್ಪ ಇಳಿಯಿತು. ಔಷಧಿ ಅದೇ ಇತ್ತು. ಇನ್ನೊಂದು ಮಾತು: ನನ್ನ ತಮ್ಮ ಸಿಗರೇಟ್ ಸೇದುತ್ತಾನೆ. ಅವನಿಗೆ ರಕ್ತ ಬರಲೇ ಇಲ್ಲ, ದವಡೆ ಹಲ್ಲು ಅಲುಗಾಡಿದ ಮೇಲೇ ಗೊತ್ತಾಗಿದ್ದು. ಸೇದುವವರಲ್ಲಿ ರಕ್ತ ಬರುವುದೇ ಕಡಿಮೆಯಂತೆ. ರಕ್ತ ಇಲ್ಲ ಅಂತ ಯಾರೂ ನೆಮ್ಮದಿಯಾಗಿ ಕೂರಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ತುಮಕೂರಿನವರ ಉತ್ತರ ಓದಿ ಹೇಳಿದೆ, ಅರ್ಧ ಒಪ್ಪಿದ್ದಾರೆ. ಡಾಕ್ಟ್ರೇ, ಬಿಪಿಗೆ ಅಮ್ಲೋಡಿಪಿನ್ ತಗೊಳ್ಳುತ್ತಿದ್ದೇನೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ದಂತವೈದ್ಯೆ: ಇರಬಹುದು, ಹೋದಾಗ ಆ ಚೀಟಿ ತೋರಿಸಿ. ಅಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಏರುತ್ತೆ, ಪಾಚಿ ಇದ್ದರೆ ಇನ್ನೂ ಜಾಸ್ತಿ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಬದಲಾಯಿಸುವುದಿದ್ದರೆ ಬರೆದುಕೊಟ್ಟವರೇ ಬದಲಾಯಿಸಲಿ. ಕ್ಲೀನಿಂಗ್ ದಿನ ತಿಂಡಿ ತಿಂದು, ಶುಗರ್ ಮಾತ್ರೆ ನುಂಗಿಯೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲೇ ತಲೆ ಸುತ್ತಿದವರನ್ನು ನೋಡಿದ್ದೇನೆ.