ಸಹಾಯ ಬೇಕು: ಪೋಷಕತ್ವದಲ್ಲಿ ಬೆಳೆದ ಹುಡುಗಿಯ ಪದವಿ ಶಿಕ್ಷಣಕ್ಕೆ ಸರ್ಕಾರಿ ನೆರವು

ಮಾನ್ಯರೇ,

ಉಡುಪಿಯ ನಮ್ಮ ಮನೆಯಲ್ಲಿ ಪೋಷಕತ್ವ (ದತ್ತು ಪಡೆಯದೆ ಮಗುವನ್ನು ಮನೆಯಲ್ಲಿಟ್ಟು ಸಾಕುವ, ಫಾಸ್ಟರ್ ಕೇರ್) ಯೋಜನೆಯಡಿ ಬೆಳೆದ ಹುಡುಗಿ ದ್ವಿತೀಯ ಪಿಯುಸಿ ಮುಗಿಸಿ ಬಿ.ಎಸ್‌ಸಿ. ನರ್ಸಿಂಗ್‌ಗೆ ಸೇರಲಿದ್ದಾಳೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬಾಲಮಂದಿರದಿಂದ ನಮ್ಮಲ್ಲಿಗೆ ಬಂದ ಆಕೆಗೆ 18 ತುಂಬಿದ್ದರಿಂದ, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ ದೊರೆಯುತ್ತಿದ್ದ 4,000 ರೂಪಾಯಿ ನಿಂತಿದೆ. ದೊಡ್ಡ ಖರ್ಚು ಆರಂಭವಾಗುವುದೇ ಈಗ.

2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನ ಪ್ರಕಾರ, 18 ತುಂಬಿ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ಆರ್ಥಿಕ ನೆರವು ನೀಡಲು ಅವಕಾಶವಿದ್ದು, ಈ ಅನುಪಾಲನಾ ಸೌಲಭ್ಯ ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೂ ದೊರೆಯುತ್ತದೆ. ಆದರೆ ಈಕೆ 18 ತುಂಬುವ ಮೊದಲೇ ಸಂಸ್ಥೆ ಬಿಟ್ಟು ಕುಟುಂಬ ಸೇರಿದವಳು. ಮನೆಯಲ್ಲಿ ಬೆಳೆದಳೆಂಬ ಕಾರಣಕ್ಕೇ ನೆರವು ತಪ್ಪುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥವರಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಅನುಪಾಲನಾ ನೆರವು ಮಂಜೂರಾದ ಉದಾಹರಣೆ ಉಡುಪಿ ಅಥವಾ ದಕ್ಷಿಣ ಕನ್ನಡದಲ್ಲಿ ಯಾರಿಗಾದರೂ ತಿಳಿದಿದೆಯೇ? ಇದ್ದರೆ, ಸಮಿತಿಯ ಹಳೆಯ ಆದೇಶದ ಪ್ರತಿ ಸಾಕಾಯಿತೇ, ಇಲ್ಲವೇ ಹೊಸ ಆದೇಶ ಕೇಳಿದರೇ?

ಇನ್ನೊಂದು ತೊಡಕು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನ ವಿದ್ಯಾರ್ಥಿವೇತನದ ಅರ್ಜಿಯದು. ಅಲ್ಲಿ ತಂದೆ-ತಾಯಿಯ ಆಧಾರ್ ವಿವರ ಮತ್ತು ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಆಕೆಯ ಹೆತ್ತವರ ಯಾವ ದಾಖಲೆಯೂ ನಮ್ಮಲ್ಲಿಲ್ಲ, ನಾವು ಕಾನೂನಿನ ಪ್ರಕಾರ ದತ್ತು ಪಡೆದವರೂ ಅಲ್ಲ. ಇಂಥ ಅರ್ಜಿಯನ್ನು ಭರ್ತಿ ಮಾಡಿಸಿದ ಉಪನ್ಯಾಸಕರು ಅಥವಾ ಕಾಲೇಜು ಸಿಬ್ಬಂದಿ ಇದ್ದರೆ ದಯವಿಟ್ಟು ಕ್ರಮವನ್ನು ತಿಳಿಸಿ. ಆಕೆಯ ಹೆಸರು, ಭಾವಚಿತ್ರ ಹಾಕುವುದಿಲ್ಲ. ಹಣ ಸಂಗ್ರಹವೂ ಬೇಡ, ಮಾಹಿತಿ ಸಾಕು.