ಸಹಾಯ ಬೇಕು: ‘ಹದ’ಕ್ಕೆ ನಿಮ್ಮ ಕಡೆ ಏನಂತೀರಿ?

ಕೃಷಿ ಪದಗಳ ಪಟ್ಟಿಗೆ ‘ಹದ’ ಸೇರಿಸಬೇಕಿದೆ. ಹೊಲದಲ್ಲಿ ಅದು ಉಳುಮೆಗೆ, ಬಿತ್ತನೆಗೆ ತಕ್ಕ ತೇವ. ಹಳೇ ಮೈಸೂರು ಕಡೆ ‘ಬೆದೆ’ ಅಂತಲೂ ಅಂತಾರೆ. 4 ಇಂಚು ಆಳದ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಡಿ. ಪುಡಿಪುಡಿಯಾಗಿ ಒಡೆದರೆ ಹದ. ಚಪ್ಪಟೆಯಾಗಿ ಕೂತರೆ ಹಸಿ ಜಾಸ್ತಿ; ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಆಗ ನೇಗಿಲು ಹೂಡಿದರೆ ಹೆಂಟೆ ಏಳುತ್ತೆ, ಒಣಗಿದ ಮೇಲೆ ಕಲ್ಲೇ. ಉಂಡೆಯೇ ಕಟ್ಟದಿದ್ದರೆ ಹದ ಆರಿದೆ, ಬೀಜ ಅಲ್ಲೊಂದು ಇಲ್ಲೊಂದು ಮೊಳೆಯುತ್ತೆ.

ಬೆಲ್ಲದ ಪಾಕದ ಹದ, ರೊಟ್ಟಿ ಹಿಟ್ಟಿನ ಹದ, ಚರ್ಮ ಹದ ಮಾಡೋದು ಬರೆದಾಗಿದೆ.

ಮಳೆ ನಿಂತ ಎಷ್ಟು ದಿನಕ್ಕೆ ನಿಮ್ಮ ಹೊಲ ಹದಕ್ಕೆ ಬರುತ್ತೆ? ಕೆಂಪೋ ಎರೆಯೋ ಹೇಳಿ, ಅದಿಲ್ಲದೆ ಲೆಕ್ಕ ಸಿಗಲ್ಲ. ಕುಡುಗೋಲಿನ ಮೊನಚಿಗೂ ‘ಹದ’ ಅಂತೀರಾ? ತಾಲ್ಲೂಕಿನ ಹೆಸರು ಸೇರಿಸಿ ಬರೀರಿ.