ಸಹಾಯ ಬೇಕು: ಪ್ರೋಗ್ರಾಮಿಂಗ್ ಭಾಷೆಯಾದ ಕ್ಲೋಜರ್‌ನಲ್ಲಿ ಮ್ಯಾಪ್ ಬದಲು ರನ್! ಬಳಸುವ ಬಗ್ಗೆ

ನಮಸ್ಕಾರ. 50 ವಿಳಾಸಗಳಿರುವ ವೆಕ್ಟರ್ (ಕ್ರಮಬದ್ಧ ಪಟ್ಟಿ) ಮೇಲೆ ಇಮೇಲ್ ಕಳುಹಿಸುವ ಫಂಕ್ಷನ್ ಅನ್ನು ನಾನು ಮ್ಯಾಪ್ ಮೂಲಕ ಪ್ರತಿ ಅಂಶಕ್ಕೂ ಅನ್ವಯಿಸಿದ್ದೆ. ರೆಪ್ಲ್ (ಕೋಡ್ ಬರೆದು ತಕ್ಷಣ ನಡೆಸಿ ನೋಡುವ ಕಿಟಕಿ) ಫಲಿತಾಂಶವನ್ನು ಮುದ್ರಿಸುವುದರಿಂದ ಅಲ್ಲಿ ಎಲ್ಲ ಪತ್ರಗಳೂ ಹೋದವು. ಅದೇ ಸಾಲನ್ನು ಇನ್ನೊಂದು ಫಂಕ್ಷನ್ನಿನ ನಡುವೆ ಇಟ್ಟಾಗ, ಮ್ಯಾಪ್ ಕೊಡುವ ಲೇಜಿ (ಕೇಳಿದಾಗಷ್ಟೇ ಲೆಕ್ಕವಾಗುವ) ಸರಣಿಯನ್ನು ಯಾರೂ ಬಳಸದ ಕಾರಣ, ಒಂದೂ ಹೋಗಲಿಲ್ಲ. ಪರೀಕ್ಷೆಗೆಂದು ಮೊದಲ ಫಲಿತಾಂಶವನ್ನಷ್ಟೇ ಕೇಳಿದರೆ, ವೆಕ್ಟರಿನ ಅಂಶಗಳು 32ರ ಗುಂಪುಗಳಲ್ಲಿ ಸಂಸ್ಕರಣೆಯಾಗುವುದರಿಂದ, ಒಮ್ಮೆಲೇ 32 ಮಂದಿಗೆ ಪತ್ರ ಹೋಯಿತು! ಇದು ನನ್ನನ್ನು ನಿಜಕ್ಕೂ ಕಂಗೆಡಿಸಿತು.

1.7ನೇ ಆವೃತ್ತಿಯಲ್ಲಿ ಬಂದ ರನ್! ಎಲ್ಲವನ್ನೂ ತಕ್ಷಣವೇ ನಡೆಸುತ್ತದೆ. ಓದುವವರಿಗೆ ಉದ್ದೇಶವೂ ಸ್ಪಷ್ಟ. ಆದರೆ ಅದು ನಿಲ್ (ಏನೂ ಇಲ್ಲವೆಂಬ ಮೌಲ್ಯ) ಮಾತ್ರ ಹಿಂತಿರುಗಿಸುವುದರಿಂದ, ಯಾವ ಪತ್ರ ವಿಫಲವಾಯಿತೆಂದು ತಿಳಿಯುವುದಿಲ್ಲ. ಕಳುಹಿಸುವ ಫಂಕ್ಷನ್ನಿನೊಳಗೇ ದೋಷ ಹಿಡಿಯುವ ಟ್ರೈ-ಕ್ಯಾಚ್ ಇಟ್ಟು, ಲೇಜಿಯಲ್ಲದ ಮ್ಯಾಪ್‌ವಿ ಕೊಡುವ ವೆಕ್ಟರಿನಲ್ಲಿ ಫಲಿತಾಂಶಗಳನ್ನು ಉಳಿಸಿಕೊಳ್ಳುವುದು ಸರಿಯೇ, ಅಥವಾ ರನ್! ಅನ್ನೇ ಇಟ್ಟುಕೊಂಡು ದೋಷಗಳನ್ನು, ಬದಲಾಯಿಸಬಹುದಾದ ಮೌಲ್ಯವನ್ನು ಇಡುವ ಆಟಮ್‌ನಲ್ಲಿ ಸಂಗ್ರಹಿಸುವುದು ಮೇಲೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.